ನೀಲಗಟ್ಟಿ ದೊರೆಯ ಪಲ್ಲಕ್ಕಿ

2023ರ ನವೆಂಬರ್ 4, ಶನಿವಾರ, ಬೆಳಿಗ್ಗೆ ಎಂಟೂ ಹತ್ತು. ಅಮೆರಿಕದ ಕೊಲಂಬಿಯಾ ಎಂಬ ಊರಿನ ತಮ್ಮ ಮನೆಯ ಮುಂದೆ ಸೌಮ್ಯಾ ಕಾರಿನ ಗಾಜಿನ ಮೇಲಿನ ಇಬ್ಬನಿ ಒರೆಸುತ್ತ ನಿಂತಿದ್ದಳು. ಇಬ್ಬನಿ ಹೋಗಿ ಎಷ್ಟೋ ಹೊತ್ತಾಗಿತ್ತು. ಆದರೂ ಒರೆಸುತ್ತಲೇ ಇದ್ದಳು, ಯಾಕೆಂದರೆ ಅವಳು ಒಳಗೆ ಕೂತರೆ ಕಾರು ಹೊರಡುತ್ತಿತ್ತು.

ಹಿಂದಿನ ಸೀಟಿನಲ್ಲಿ ಅವಳ ಅಪ್ಪ ಕರಬಸಪ್ಪ ಆಗಲೇ ಬೆಲ್ಟು ಬಿಗಿದುಕೊಂಡು ಕೂತಿದ್ದರು. ಎಪ್ಪತ್ತೆರಡು ವಯಸ್ಸು. ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಮಗಳ ಮನೆಯಲ್ಲಿ ಆರು ತಿಂಗಳಿದ್ದು ಹೋಗಲು ಆಗಸ್ಟಿನಲ್ಲಿ ಬಂದವರು. ಇಸ್ತ್ರಿಯ ಬಿಳಿ ಅಂಗಿ, ಧೋತರ, ಮೇಲೆ ಅಳಿಯನ ಹಳೆಯ ಜಾಕೆಟ್ಟು. ಅವರ ಪಕ್ಕ ಹನ್ನೆರಡರ ಮೊಮ್ಮಗಳು ನಿಧಿ ಜರಿಯ ಲಂಗದ ಮೇಲೆ ಸ್ವೆಟರ್ ಎಳೆದುಕೊಂಡು ತೂಕಡಿಸುತ್ತಿದ್ದಳು. ಸ್ಟಿಯರಿಂಗಿನ ಮುಂದೆ ಗಂಡ ಕಲ್ಮೇಶ.

ಅವತ್ತು ಮಧ್ಯಾಹ್ನ, ವಾಷಿಂಗ್ಟನ್ನಿನ ದೊಡ್ಡ ಕೆಥೀಡ್ರಲ್ ಚರ್ಚಿನ ಎದುರಿನ ಮೈದಾನದಲ್ಲಿ, ಸೇರಿದ ಕನ್ನಡಿಗರೆಲ್ಲರ ಮುಂದೆ ಕರಬಸಪ್ಪ ಮಾಸ್ತರರು ಒಬ್ಬ ರಾಜನ ಪಲ್ಲಕ್ಕಿಗೆ ಹೆಗಲು ಕೊಡುವವರಿದ್ದರು. ಅದು ನಡೆಯಬಾರದು. ಸೌಮ್ಯಾಳ ತಲೆಯಲ್ಲಿ ಇದ್ದದ್ದು ಇದೊಂದೇ. ಹೇಗೆ ತಪ್ಪಿಸುವುದು ಎಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

"ಸೌಮ್ಯಾ, ಗಾಜ ಸವೀತೈತಿ," ಅಂದ ಕಲ್ಮೇಶ. ಅವಳು ಹತ್ತಿ ಕೂತಳು.

ಇದೆಲ್ಲ ಶುರುವಾದದ್ದು ಸೆಪ್ಟೆಂಬರಿನಲ್ಲಿ, ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ. ಪೊಟೊಮ್ಯಾಕ್ ಕನ್ನಡ ಬಳಗದ ಅಧ್ಯಕ್ಷ ವೇಣುಗೋಪಾಲರು ಕರಬಸಪ್ಪನವರ ಕೈ ಕುಲುಕಿ ಯಾವ ಊರು ಎಂದು ಕೇಳಿದ್ದರು. ನೀಲಗಟ್ಟಿ ಎಂದೊಡನೆ ಅವರ ಹುಬ್ಬು ಮೇಲೇರಿತ್ತು. ನೀಲಗಟ್ಟಿ ಒಂದು ಕಾಲದಲ್ಲಿ ನಲವತ್ತು ಹಳ್ಳಿಗಳ ಪುಟ್ಟ ಸಂಸ್ಥಾನ. ಅದರ ಈಗಿನ ವಾರಸುದಾರ ರಾಜಾ ಶಶಿಕಾಂತ್ ಬಹಾದ್ದೂರ್, ವರ್ಜೀನಿಯಾದ ಕಾಲೇಜಿಗೆ ಸೇರಿದ ಮಗಳನ್ನು ನೋಡಲು ನವೆಂಬರಿನಲ್ಲಿ ಅಮೆರಿಕಕ್ಕೆ ಬರುವವನಿದ್ದ. ಬಳಗದವರು ಅವನನ್ನು ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಒಪ್ಪಿಸಿ, ಆ ಖುಷಿಯಲ್ಲಿ ತೇಲುತ್ತಿದ್ದರು.

"ನಮ್ಮಪ್ಪ ಆ ಮನಿತನದವರ ಪಲ್ಲಕ್ಕಿ ಹೊತ್ತಾವ ನೋಡ್ರಿ," ಎಂದಿದ್ದರು ಕರಬಸಪ್ಪ. ಹಳೆಯ ಸಂಗತಿಯೊಂದನ್ನು ಇದ್ದದ್ದು ಇದ್ದಂತೆ ಹೇಳುವ ದನಿ ಅದು. ಅದರಲ್ಲಿ ಹೆಮ್ಮೆಯೂ ಇರಲಿಲ್ಲ, ದೂರೂ ಇರಲಿಲ್ಲ. ಕೇಳುವವರು ಸಿಕ್ಕರೆಂದು ಇನ್ನಷ್ಟು ಹೇಳಿದ್ದರು. ಮುಂದೆ ಹೊರುವವನು ತಗ್ಗೈತಿ, ಕಲ್ಲೈತಿ, ನೀರೈತಿ ಎಂದು ಕೂಗಬೇಕಾಗಿತ್ತು, ಹಿಂದಿನವರಿಗೆ ನೆಲ ಕಾಣುತ್ತಿರಲಿಲ್ಲವಲ್ಲ.

"ವಾಟ್ ಎ ಕನೆಕ್ಷನ್, ಮಾಸ್ಟ್ರೇ," ಎಂದು ವೇಣುಗೋಪಾಲರು ಅವರ ಎರಡೂ ಕೈ ಹಿಡಿದುಕೊಂಡಿದ್ದರು. "ಇಲ್ಲಿ ಎಲ್ರೂ ಕಲ್ಚರ್ ಕಲ್ಚರ್ ಅಂತೀವಿ. ನೀವು ಲಿವಿಂಗ್ ಕಲ್ಚರ್."

ವಾರದೊಳಗೆ ವಾಟ್ಸ್ಆ್ಯಪಿನಲ್ಲಿ ಹಳದಿ-ಕೆಂಪು ಚಿತ್ರವೊಂದು ಬಂತು. ರಾಜನ ಫೋಟೋ, ಅದರ ಹಿಂದೆ ಕೆಥೀಡ್ರಲಿನ ಗೋಪುರಗಳು, ಕೆಳಗೆ ಬಂಗಾರದ ಅಕ್ಷರ: ವಂಶಪಾರಂಪರ್ಯ ಪಲ್ಲಕ್ಕಿ ಸೇವೆ ಮತ್ತು ಪಲ್ಲಕ್ಕಿ ಪದ, ಶ್ರೀ ಕರಬಸಪ್ಪ ಮತ್ತು ಕುಟುಂಬದವರಿಂದ. ಹಳ್ಳದ ನೀರಲ್ಲಿ ಕಾಲು ಜಾರದಿರಲಿ ಎಂದು ಕೂಗಿದ ಕೂಗು ಇವರ ಕೈಯಲ್ಲಿ ಜನಪದ ಗೀತೆಯಾಗಿತ್ತು. ಸೌಮ್ಯಾ ಅದನ್ನು ಆಫೀಸಿನಲ್ಲಿ ಓದಿದಳು. ಸೇತುವೆಗಳ ಬಿರುಕು ಅಳೆಯುವುದು ಅವಳ ಕೆಲಸ. ಒಂದು ಬಿರುಕು ಕಳೆದ ವರ್ಷಕ್ಕಿಂತ ಎಷ್ಟು ಅಗಲವಾಗಿದೆ ಎಂದು ಬರೆದಿಡುವವಳಿಗೆ ಸುಮ್ಮನೆ ಸಿಟ್ಟಾಗುವುದು ಅಭ್ಯಾಸವಿಲ್ಲ. ಅವತ್ತು ಸಿಟ್ಟಾದಳು.

ಅವಳಿಗೆ ಅಜ್ಜನ ನೆನಪಿತ್ತು. ಅವನ ಬಲಭುಜದ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ಚಿಕ್ಕವಳಿದ್ದಾಗ ಅವಳು ಅದನ್ನು ಒತ್ತಿ ಒತ್ತಿ ಆಡುತ್ತಿದ್ದಳು, ಅವನು ಬಿಡುತ್ತಿದ್ದ. ಪಲ್ಲಕ್ಕಿ ಹೊರುವ ಮನೆಗಳಿಗೆ ದೊರೆಯ ವಾಡೆಯಿಂದ ಒಂದಿಷ್ಟು ಹೊಲ ಇತ್ತು. ಕರೆ ಬಂದಾಗ ಹೋಗದಿದ್ದರೆ ಹೊಲ ಹೋಗುತ್ತಿತ್ತು. ಜ್ವರವಿದ್ದರೂ ಹೋಗಬೇಕು, ಬಿತ್ತನೆಯಿದ್ದರೂ ಹೋಗಬೇಕು. ತನ್ನ ಮದುವೆಯ ಮರುದಿನ, ಕೈಯ ಕಂಕಣ ಬಿಚ್ಚುವ ಮೊದಲೇ, ಅಜ್ಜ ದೊರೆಸಾನಿಯನ್ನು ಹೊತ್ತು ಅವಳ ತವರಿಗೆ ಹನ್ನೊಂದು ಮೈಲಿ ನಡೆದಿದ್ದ. ಈ ಮಾತನ್ನು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಅಜ್ಜ ಒಮ್ಮೆಯೂ ಹೇಳಿರಲಿಲ್ಲ.

ಅದೇ ದಿನ ಸಂಜೆ ಅವಳು ವೇಣುಗೋಪಾಲರಿಗೆ ಫೋನ್ ಮಾಡಿದ್ದಳು.

"ಸರ್, ಅಪ್ಪಂಗೆ ಸ್ಟೆಂಟ್ ಇದೆ. ಭಾರ ಎತ್ತಬಾರದು ಅಂದಿದಾರೆ ಡಾಕ್ಟ್ರು."

"ಅಯ್ಯೋ, ಅವ್ರ ಹತ್ರ ನಾವು ಭಾರ ಎತ್ತಿಸ್ತೀವಾ ಸೌಮ್ಯಾ? ರೆಸ್ಟನ್‌ನಿಂದ ನಾಲ್ಕು ಜನ ಜಿಮ್ ಹುಡುಗ್ರು ಬರ್ತಿದಾರೆ. ಮುಂದೆ ಮಾಸ್ಟ್ರು, ಕಲ್ಮೇಶ್ ನಿಂತ್ಕೊಂಡು ಜಸ್ಟ್ ಟಚ್ ಮಾಡಿದ್ರೆ ಆಯ್ತು."

"ಬೇರೆ ಯಾರಾದ್ರೂ ನಿಂತ್ಕೋಬಹುದಲ್ವಾ ಸರ್?"

"ಬೇರೆಯವ್ರಿಗೆ ಎಲ್ಲಮ್ಮಾ ಇದೆ ಆ ಹಕ್ಕು?"

ಅವಳು ಫೋನಿಟ್ಟಳು. ಹಕ್ಕು ಎಂಬ ಮಾತು ಕಿವಿಯಲ್ಲೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ತಾನು ಹೃದಯದ ಕಾಯಿಲೆಯ ಹಿಂದೆ ಅಡಗಿಕೊಂಡೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಸ್ಟೆಂಟ್ ಇಲ್ಲದಿದ್ದರೆ ಅಪ್ಪ ಹೊರಬಹುದಿತ್ತೇ?

ಕಾರು ಹೆದ್ದಾರಿಗೆ ಬಂದ ಮೇಲೆ ಅವಳು ಹಿಂದೆ ತಿರುಗಿದಳು.

"ಅಪ್ಪಾ, ಇನ್ನೂ ಹೊತ್ತಾಗಿಲ್ಲ. ನಿಂಗ ಆರಾಮಿಲ್ಲ ಅಂತ ಹೇಳಿ ತಿರುಗಿ ಹೋಗೂಣು."

"ಆರಾಮ ಇದ್ದೀನಲ್ಲ."

"ನಿಂಗ ಹೊರಬೇಕು ಅನಸ್ತದೇನು?"

ಕರಬಸಪ್ಪ ಕಿಟಕಿಯಾಚೆ ಕೆಂಪಾದ ಮರಗಳನ್ನು ನೋಡುತ್ತಿದ್ದರು. "ಅನಸೂದು ಬಿಡೂದು ಎಲ್ಲೀದವ್ವಾ. ನಾ ಫೆಬ್ರವರಿಗೆ ಹೊಳ್ಳಿ ಹೋಗಾಂವ. ನೀವು ಇಲ್ಲೇ ಇರಾವರು. ನಾಳೆ ನಿಮಗ ಮಂದಿ ಬೇಕಲ್ಲ? ಅದೂ ಆ ಅಧ್ಯಕ್ಷರು ಕಲ್ಮೇಶಗ ಮಾಡಿದ ಉಪಕಾರ ಸಣ್ಣದಲ್ಲ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಕಲ್ಮೇಶನ ಕುತ್ತಿಗೆ ಕೆಂಪಾದದ್ದು ಸೌಮ್ಯಾಗೆ ಕಾಣಿಸಿತು. ಉಪಕಾರ ನಿಜ. 2020ರ ಬೇಸಿಗೆಯಲ್ಲಿ ಕಲ್ಮೇಶನ ಕೆಲಸ ಹೋಗಿತ್ತು. ಎರಡು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗಿ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕಿತ್ತು. ವೇಣುಗೋಪಾಲರು ನಾಲ್ಕು ಕಡೆ ಫೋನ್ ತಿರುಗಿಸಿ ಗೆಳೆಯನ ಕಂಪನಿಯಲ್ಲಿ ಜಾಗ ಕೊಡಿಸಿದ್ದರು. ಅಂದಿನಿಂದ ಬಳಗದ ಕುರ್ಚಿ ಹಾಕುವುದು, ಸ್ಪೀಕರ್ ಸಾಗಿಸುವುದು, ಅಧ್ಯಕ್ಷರ ತಂಗಿಯನ್ನು ಏರ್ಪೋರ್ಟಿನಿಂದ ಕರೆತರುವುದು, ಇವಕ್ಕೆಲ್ಲ ಮೊದಲ ಫೋನು ಕಲ್ಮೇಶನಿಗೇ ಬರುತ್ತಿತ್ತು. ಅವನು ಒಮ್ಮೆಯೂ ಇಲ್ಲವೆಂದಿರಲಿಲ್ಲ.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅಜ್ಜನಿಗೂ ಬಂದಿರಲಿಲ್ಲ, ಅವನಿಗೆ ಹೊಲ ಇತ್ತು. ಸೌಮ್ಯಾ ಮುಂದೆ ತಿರುಗಿ ಕೂತಳು. ಕಲ್ಮೇಶ ವಾಷಿಂಗ್ಟನ್ನಿನ ದಾರಿಗೆ ಕಾರು ತಿರುಗಿಸಿದ.

ಮೈದಾನದ ಬೇಲಿಗೆ ಹಳದಿ-ಕೆಂಪು ಬಾವುಟ ಕಟ್ಟಿದ್ದರು. ರಸ್ತೆಯಾಚೆ ಕೆಥೀಡ್ರಲಿನ ಬೂದುಬಣ್ಣದ ಗೋಪುರಗಳು ಬಿಸಿಲಿಗೆ ನಿಂತಿದ್ದವು. ಅವು ಫೋಟೋದಲ್ಲಿ ಪೂರ್ತಿ ಬರಲೆಂದು ಫೋಟೋಗ್ರಾಫರ್ ಹುಲ್ಲಿನ ಮೇಲೆ ಅಡ್ಡಕ್ಕೆ ಸುಣ್ಣದ ಗೆರೆ ಎಳೆಸಿದ್ದ. ಪಲ್ಲಕ್ಕಿ ಹೊರಡುವುದು ಆ ಗೆರೆಯಿಂದ. ಮೈದಾನವನ್ನು ಪೂರ್ತಿ ಒಂದು ಸುತ್ತು ಹಾಕಿ ವೇದಿಕೆಗೆ ಬರುವುದೆಂದು ಗೊತ್ತಾಗಿತ್ತು. ಬಿಸಿಬೇಳೆಭಾತಿನ ಟ್ರೇಗಳು ಒಂದು ಕಡೆ, ಕಾಫಿಯ ಡ್ರಮ್ಮು ಇನ್ನೊಂದು ಕಡೆ. ಜನ ಆಗಲೇ ಕಿಕ್ಕಿರಿದಿದ್ದರು. ಗೆರೆಯ ಮೇಲೆ ಪಲ್ಲಕ್ಕಿ ಕೂತಿತ್ತು. ಬಳಗದ ಕಾರ್ಯದರ್ಶಿ ತ್ಯಾಗರಾಜ ಅದನ್ನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ಹಿತ್ತಲ ಡೆಕ್ ಕಟ್ಟುವ ಮರ ತಂದು, ಅಧ್ಯಕ್ಷರ ಗ್ಯಾರೇಜಿನಲ್ಲಿ ಕಟ್ಟಿಸಿದ್ದ. ಸೌಮ್ಯಾ ಹಾದುಹೋಗುತ್ತ ಬೋಲ್ಟುಗಳನ್ನು ನೋಡಿದಳು. ಒಂದು ಲಾರಿ ದಾಟಿಸಬಹುದಾದಷ್ಟು ಗಟ್ಟಿಯಾಗಿತ್ತು.

ನಿಧಿಗೆ ಕಿವಿ ಮುಚ್ಚುವಂತೆ ಟೋಪಿ ಹಾಕಿ, ಅವಳ ಗೆಳತಿಯರ ಜೊತೆ ಬಿಟ್ಟು, ಸೌಮ್ಯಾ ಕಾಫಿ ತರಲು ಹೋದಳು. ಅಪ್ಪನಿಗೆ ಸಕ್ಕರೆ ಇಲ್ಲದ್ದು ಬೇಕಿತ್ತು. ಅದಕ್ಕೆ ಬೇರೆ ಸಾಲು. ಅವಳು ಲೋಟ ಹಿಡಿದು ವೇದಿಕೆಯ ಹಿಂದಿನ ಗುಡಾರಕ್ಕೆ ಬಂದಾಗ ನಿಧಿಯೇ ಎದುರು ಓಡಿ ಬಂದಳು.

"ಅಮ್ಮಾ, ಅಜ್ಜ ಯಾಕೆ ಶರ್ಟ್ ತೆಗ್ದಿದಾರೆ? ಹೀ ಈಸ್ ಶಿವರಿಂಗ್."

ಗುಡಾರದ ಪರದೆ ಅರ್ಧ ತೆರೆದಿತ್ತು. ಒಳಗೆ ಕರಬಸಪ್ಪ ಮಾಸ್ತರರು ಬರಿಮೈಯಲ್ಲಿ ನಿಂತಿದ್ದರು. ಕೆಂಪು ಕಚ್ಚೆ ಉಡಿಸಿದ್ದರು. ಎದೆಯ ಬಿಳಿಗೂದಲು ಗಾಳಿಗೆ ನಿಮಿರಿತ್ತು, ತೋಳು ಮುಳ್ಳೆದ್ದಿತ್ತು. ತ್ಯಾಗರಾಜ ಮಂಡಿಯೂರಿ ಅವರ ತೋಳಿಗೆ ಹಿತ್ತಾಳೆ ಬಣ್ಣದ ಪ್ಲಾಸ್ಟಿಕ್ ಕಡಗ ಕಟ್ಟುತ್ತಿದ್ದ. ಕಟ್ಟಿದರೆ ಸಡಿಲ, ಬಿಗಿದರೆ ಚುಚ್ಚುತ್ತಿತ್ತು. ಕೈಯಲ್ಲಿ ಅಂಗಿ ಮಡಚಿ ಹಿಡಿದುಕೊಂಡು ಅವರು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದರು. ಗೋಡೆಯಿಲ್ಲದ ಜಾಗ, ಅಂಗಿ ತೂಗುಹಾಕಲು ಒಂದು ಮೊಳೆಯೂ ಇರಲಿಲ್ಲ. ಸಾಂಸ್ಕೃತಿಕ ಕಾರ್ಯದರ್ಶಿ ನಮ್ರತಾ ಫೋನ್ ಹಿಡಿದು ನಿಂತಿದ್ದಳು.

"ಮಾಸ್ಟ್ರೇ, ಸ್ವಲ್ಪ ಹೊಟ್ಟೆ ಒಳಗೆ ಎಳ್ಕೊಳ್ಳಿ. ಇನ್‌ಸ್ಟಾಗ್ರಾಮಿಗೆ ಒಂದು."

"ನಮ್ರತಾ, ಫೋನ್ ಇಳಿಸು," ಅಂದಳು ಸೌಮ್ಯಾ.

"ಸೌಮ್ಯಾಕ್ಕ, ಬೆಂಗಳೂರಿಂದ ತರಿಸಿದ ಕಾಸ್ಟ್ಯೂಮ್. ಅಥೆಂಟಿಕ್ ಆಗಿ ಬರ್ಲಿ ಅಂತ..."

"ಇಳಿಸು ಅಂದೆ."

ಅಷ್ಟರಲ್ಲಿ ಹೊರಗೆ ಚಪ್ಪಾಳೆ ಕೇಳಿಸಿತು. ವೇಣುಗೋಪಾಲರು ರಾಜನನ್ನು ಕರೆದುಕೊಂಡು ಗುಡಾರದೊಳಗೇ ಬಂದರು. ರಾಜನಿಗೆ ನಲವತ್ತೈದರ ಸುಮಾರು. ನೀಲಿ ಬಂದ್‌ಗಲಾ ಕೋಟು, ಜರಿಪೇಟ, ನಗುಮುಖ. ಕೆಟ್ಟವನ ಹಾಗೆ ಕಾಣಲಿಲ್ಲ. ಹಿಂದೆ ರೆಸ್ಟನ್ನಿನ ನಾಲ್ಕು ಹುಡುಗರು, ಅದೇ ಕೆಂಪು ಕಚ್ಚೆಯಲ್ಲಿ, ಚಳಿಗೆ ಹೆಗಲು ಕುಗ್ಗಿಸಿಕೊಂಡು. ಅವರ ಮುಂದಾಳು ಯಶವಂತ್ ಎಂಬವನು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡಿದ್ದ. ಅವರ ಜೊತೆ ಕಲ್ಮೇಶ. ಅವನಿನ್ನೂ ಅಂಗಿ ಬಿಚ್ಚಿರಲಿಲ್ಲ. ಮಾವನನ್ನು ಆ ಸ್ಥಿತಿಯಲ್ಲಿ ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಮಹಾರಾಜರೇ, ಇವರೇ ನಾನು ಹೇಳಿದ್ದು," ಎಂದರು ವೇಣುಗೋಪಾಲ. "ಇವರ ತಂದೆ ನಿಮ್ಮ ತಾತನವರನ್ನ ಹೊತ್ತಿದಾರೆ."

ರಾಜ ಕೈ ಮುಗಿದ. "ತುಂಬಾ ಸಂತೋಷ. ಯಾವ ಓಣಿ ನಿಮ್ಮದು?"

"ಹಳ್ಳದ ಓಣಿ, ನೀಲಗಟ್ಟಿ," ಎಂದರು ಕರಬಸಪ್ಪ. ಕೈ ಮುಗಿಯಲು ಹೋದರೆ ಅಂಗಿ ಅಡ್ಡ ಬಂತು.

"ಓ, ನಮ್ಮ ಊರೇ. ನಮ್ಮ ಜನ ಎಲ್ಲೆಲ್ಲಿ ಇದ್ದಾರೆ ನೋಡಿ ವೇಣುಗೋಪಾಲ್." ರಾಜ ನಿಜವಾಗಿಯೂ ಖುಷಿಯಾಗಿದ್ದ. "ತಾತ ಹೇಳ್ತಿದ್ರು, ಅಂಥ ನಿಷ್ಠೆ ಇನ್ನು ಸಿಗಲ್ಲ ಅಂತ."

ಸೌಮ್ಯಾ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ಸದ್ದಾಗದಂತೆ ಇಟ್ಟಳು. ಅಪ್ಪನ ಹತ್ತಿರ ಹೋಗಿ ತೋಳಿನ ಕಡಗದ ದಾರ ಬಿಚ್ಚಿ ತ್ಯಾಗರಾಜನ ಕೈಗೆ ಕೊಟ್ಟಳು.

"ಅಪ್ಪಾ, ಅಂಗಿ ಹಾಕ್ಕೋ."

"ಸೌಮ್ಯಾ, ಒಂದ್ ಹತ್ತು ನಿಮಿಷದ ಮಾತು," ಎಂದರು ವೇಣುಗೋಪಾಲ. "ಟಚ್ ಮಾಡಿದ್ರೆ ಸಾಕು ಅಂದಿದ್ನಲ್ಲ. ಸ್ಟೆಂಟ್ ವಿಷಯ ನಂಗೆ ನೆನಪಿದೆ."

"ಸ್ಟೆಂಟ್ ಬಿಡಿ ಸರ್. ಅದು ನಾನು ಹೇಳಿದ ನೆಪ. ಅಪ್ಪನ ಎದೆ ಕಲ್ಲಿನ ಹಾಗೆ ಗಟ್ಟಿ ಇದ್ದಿದ್ರೂ ಅವರು ಇದನ್ನ ಮುಟ್ಟಲ್ಲ."

"ಯಾಕಮ್ಮಾ? ಇದು ಅವರಿಗೆ ಮಾಡ್ತಿರೋ ಗೌರವ."

"ಗೌರವಕ್ಕೆ ಬಟ್ಟೆ ಬಿಚ್ಚಿಸ್ತಾರಾ? ಕಳೆದ ವರ್ಷ ಬಂದ ಪ್ರೊಫೆಸರಿಗೆ ಶಾಲು ಹೊದಿಸಿದ್ರಿ. ಇವರೂ ಮೂವತ್ತಾರು ವರ್ಷ ಪಾಠ ಮಾಡಿದವರು. ಇವರ ಮೈಮೇಲೆ ಇದ್ದಿದ್ದನ್ನೂ ತೆಗೆಸಿದ್ರಲ್ಲ."

ಪರದೆಯ ಆಚೆಯಿಂದ ಡೊಳ್ಳಿನವರು ಕೋಲು ತಾಗಿಸಿ ನೋಡುವ ಸದ್ದು ಬರುತ್ತಿತ್ತು. ರಾಜ ಗಂಟಲು ಸರಿಮಾಡಿಕೊಂಡ. "ಮೇಡಂ, ಅದು ಆ ಕಾಲದ ಪದ್ಧತಿ. ಪ್ರೀತಿಯಿಂದ ಮಾಡ್ತಿದ್ರು."

ಈ ಮಾತಿಗೆ ಸೌಮ್ಯಾಳ ನಾಲಿಗೆಯಲ್ಲಿದ್ದ ಬಳಗದ ಕನ್ನಡ ಜಾರಿಹೋಯಿತು. "ಪ್ರೀತಿ ಅಲ್ಲರೀ. ಹೊರದಿದ್ರ ಹೊಲಾ ಕಸೀತಿದ್ರು ನಿಮ್ಮವರು. ನಮ್ಮಜ್ಜ ಮದವಿ ಆದ ಮರದಿನಾ ನಿಮ್ಮಜ್ಜೀನ್ನ ಹನ್ನೊಂದ ಮೈಲಿ ಹೊತ್ತಾನ. ಹೆಗಲ ಮ್ಯಾಲೆ ಗಂಟ ಇತ್ತು, ಸಾಯೂತನಕಾ ಆ ಕಡಿ ಮಗ್ಗಲಾಗಿ ಮಲಗಾಕ ಆಗಲಿಲ್ಲ. ಮಗನ್ನ ಮಾತ್ರ ಸಾಲಿ ಬಿಡಸಲಿಲ್ಲ. ಆ ಮಗಾನ್ನ ಇವತ್ತ ಅಮೆರಿಕಾದಾಗ ಮತ್ತ ಪಲ್ಲಕ್ಕಿ ಕೆಳಗ ತಂದ ನಿಲ್ಲಸೀರಿ, ಅದನ್ನ ಹಕ್ಕು ಅಂತೀರಿ. ಮತ್ತ ನೀಲಗಟ್ಟಿ ನಿಮ್ಮೂರಲ್ಲ. ಅಲ್ಲಿರಾವರದು."

ರಾಜ ಪೇಟ ಮುಟ್ಟಿಕೊಂಡ.

ವೇಣುಗೋಪಾಲರ ಮುಖ ಬಿಗಿಯಾಯಿತು. ಅತಿಥಿಯ ಎದುರು ಮಾತು ಕೇಳಿಸಿಕೊಂಡದ್ದು ಅವರಿಗೆ ತಡೆಯಲಾಗಲಿಲ್ಲ. "ನೋಡಮ್ಮಾ, ಹಿಸ್ಟರಿ ಎಲ್ಲರ ಮನೇಲೂ ಇರತ್ತೆ. ಪ್ರೋಗ್ರಾಂ ಹಾಳು ಮಾಡೋಕೆ ಇದೇ ಟೈಮಾ? ನಿಮ್ಮ ಕುಟುಂಬಕ್ಕೆ ಕಷ್ಟ ಬಂದಾಗ ನಾನು ಹಿಂದೆ ಮುಂದೆ ನೋಡ್ಲಿಲ್ಲ. ಬೇಕಾದ್ರೆ ಕಲ್ಮೇಶ್‌ನ ಕೇಳು."

ಕಲ್ಮೇಶ ಬಾಗಿಲಿನಿಂದ ಒಳಗೆ ಬಂದ. ಜಗಳ ಅಂದರೆ ಮಾರುದೂರ ಹೋಗುವ ಮನುಷ್ಯ. ಸೌಮ್ಯಾ ಅವನನ್ನು ನೋಡಲು ಹೆದರಿದಳು. ಇವನೀಗ ಹೋಗಲಿ ಬಿಡು ಅಂದರೆ ಎಲ್ಲ ಮುಗಿಯಿತು.

"ಸರ್, ಅದು ಖರೇ," ಅಂದ ಕಲ್ಮೇಶ. "ನಾ ಮರತಿಲ್ಲ. ನೀವು ಮನಿ ಬದಲ ಮಾಡಿದಾಗ ನಿಮ್ಮ ಸೋಫಾ ಹೊತ್ತೀನಿ, ಫ್ರಿಜ್ ಹೊತ್ತೀನಿ, ಆ ಪಿಯಾನೋನೂ ಹೊತ್ತೀನಿ. ಮತ್ತ ಮನಿ ಬದಲ ಮಾಡ್ರಿ, ಬಂದು ಹೊರ್ತೀನಿ. ಇದನ್ನ ಹೊರಂಗಿಲ್ಲ. ನಮ್ಮ ಮಾವನೂ ಹೊರಂಗಿಲ್ಲ."

ಇಷ್ಟು ಹೇಳಿ ಅವನು ಮಾವನ ಕೈಯಿಂದ ಅಂಗಿ ತೆಗೆದುಕೊಂಡು, ಬಿಡಿಸಿ, ತೋಳು ತೂರಿಸಲು ಹಿಡಿದ. ಕರಬಸಪ್ಪ ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು. ಆಮೇಲೆ ತೋಳು ತೂರಿಸಿದರು. ಗುಂಡಿ ಹಾಕಿಕೊಳ್ಳುವಾಗ ಬೆರಳು ಚಳಿಗೆ ಸರಿಯಾಗಿ ಮಡಚುತ್ತಿರಲಿಲ್ಲ. ಯಾರ ಸಹಾಯವನ್ನೂ ಕೇಳದೆ ಒಂದೊಂದೇ ಹಾಕಿಕೊಂಡರು. ಅಷ್ಟು ಹೊತ್ತು ಎಲ್ಲರೂ ನಿಂತು ನೋಡಬೇಕಾಯಿತು.

ಕೊನೆಯ ಗುಂಡಿ ಹಾಕಿ ಅವರು ವೇಣುಗೋಪಾಲರಿಗೆ ಹೇಳಿದರು, "ಸಿಟ್ಟ ಆಗಬ್ಯಾಡ್ರಿ ಅಧ್ಯಕ್ಷರ. ನಾ ಅವತ್ತ ಇಲ್ಲ ಅನಬೇಕಿತ್ತು. ಇವತ್ತ ಅಂತೀನಿ."

"ಸರಿ," ಎಂದರು ವೇಣುಗೋಪಾಲ ಒಣದನಿಯಲ್ಲಿ. "ಯಶವಂತ್, ನೀವು ನಾಲ್ಕು ಜನ ಇದ್ದೀರಲ್ಲ. ಇನ್ನಿಬ್ರನ್ನ ಹುಡುಕಿ."

ಯಶವಂತ್ ಕಂಕುಳಿನಿಂದ ಕೈ ತೆಗೆದ. "ಅಂಕಲ್, ಸಾರಿ. ನಮಗೆ ಇದೊಂದು ಡ್ಯಾನ್ಸ್ ಥರ ಅಂದಿದ್ರಿ. ಈ ಮಾತು ಕೇಳಿದ್ಮೇಲೆ ನಮಗೂ ಬೇಡ. ನಾವು ಊಟ ಬಡಿಸ್ತೀವಿ ಬಿಡಿ." ಅವನು ಹೊರಗೆ ಹೋದ. ಉಳಿದ ಮೂವರು ಜಾಕೆಟ್ ಹುಡುಕಿಕೊಂಡು ಅವನ ಹಿಂದೆ ಹೋದರು.

ಹೊರಗೆ ಮೈಕಿನಲ್ಲಿ ಯಾರೋ ಮಹಾರಾಜರ ಆಗಮನವಾಗಲಿದೆ ಎಂದು ಎರಡನೆಯ ಸಲ ಕೂಗಿದರು. ಡೊಳ್ಳು ಶುರುವಾಗಿಯೇ ಬಿಟ್ಟಿತು.

"ವೇಣುಗೋಪಾಲ್, ನಾನು ನಡ್ಕೊಂಡೇ ಬರ್ತೀನಿ," ಎಂದ ರಾಜ. ಮೆಲ್ಲಗೆ ಹೇಳಿದ, ಸೌಮ್ಯಾಳ ಕಡೆ ನೋಡದೆ. "ಇಟ್ಸ್ ಫೈನ್."

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ವೇಣುಗೋಪಾಲರಿಗೆ ಹಟ ಹತ್ತಿತ್ತು. "ಇಲ್ಲ ಸರ್. ಜನ ಎರಡು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದಾರೆ, ಪಲ್ಲಕ್ಕಿ ನೋಡಕ್ಕೆ. ಯಾರೋ ಒಬ್ಬರು ಬೇಡ ಅಂದ್ರೆ ನಿಲ್ಲಲ್ಲ. ಕಮಿಟಿಯವರೇ ಹೊರ್ತೀವಿ."

"ಒಳ್ಳೇದು ಸರ್," ಎಂದಳು ಸೌಮ್ಯಾ. "ಗೌರವ ಅಂದ್ರಲ್ಲ."

ಕಮಿಟಿಯವರನ್ನು ಕೂಡಿಸುವುದು ಸುಲಭವಾಗಲಿಲ್ಲ. ಒಬ್ಬರಿಗೆ ಭುಜ ಮೇಲೇಳುವುದಿಲ್ಲ, ಆರು ತಿಂಗಳಿಂದ ಫಿಸಿಯೋಥೆರಪಿ. ಇನ್ನೊಬ್ಬರಿಗೆ ಬೆನ್ನಿನ ಡಿಸ್ಕು. ಖಜಾಂಚಿ ಕಾರಿನಿಂದ ಏನೋ ತರಬೇಕೆಂದು ಹೋದವರು ಬರಲೇ ಇಲ್ಲ. ತ್ಯಾಗರಾಜ ತಾನು ಡಿಸೈನ್ ಮಾಡಿದವನು, ಪಕ್ಕದಲ್ಲಿ ನಡೆದು ಬ್ಯಾಲೆನ್ಸ್ ನೋಡಿಕೊಳ್ಳಬೇಕು ಎಂದ.

"ಬ್ಯಾಲೆನ್ಸ್ ಹೆಗಲ ಮೇಲಿದ್ರೇನೇ ಚೆನ್ನಾಗಿ ಗೊತ್ತಾಗತ್ತೆ ಕಣೋ, ಹಿಡ್ಕೋ," ಎಂದರು ವೇಣುಗೋಪಾಲ. ಕೊನೆಗೆ ಆರು ಜನ ಆದರು. ರೇಷ್ಮೆ ಜುಬ್ಬ, ಜರಿಪೇಟ, ಸ್ಪೋರ್ಟ್ಸ್ ಶೂ. ಅಂಗಿ ಬಿಚ್ಚುವ ಮಾತನ್ನು ಯಾರೂ ಎತ್ತಲಿಲ್ಲ.

ಸೌಮ್ಯಾ ಅಪ್ಪನನ್ನು ಕರೆದುಕೊಂಡು ಹೊರಗೆ ಬಂದು ಜನರ ನಡುವೆ ನಿಂತಳು. ಕಲ್ಮೇಶ ಬಿಸಿ ಕಾಫಿ ತಂದ. ನಿಧಿ ತನ್ನ ಟೋಪಿ ತೆಗೆದು ಅಜ್ಜನ ತಲೆಗೆ ಹಾಕಿದಳು. ಗುಲಾಬಿ ಬಣ್ಣದ ಟೋಪಿ, ಮೇಲೊಂದು ಉಣ್ಣೆಯ ಚೆಂಡು. ಅವರು ಅದನ್ನು ತೆಗೆಯಲಿಲ್ಲ.

ರಾಜ ಹತ್ತಿ ಕೂತ. ಮನಸ್ಸಿಲ್ಲದ ಮನುಷ್ಯ ಕೂರುವ ಹಾಗೆ, ಒಂದು ಕೈಯಲ್ಲಿ ಕಂಬ ಹಿಡಿದು. ವೇಣುಗೋಪಾಲರು ಮುಂದೆ. ಒಂದು, ಎರಡು ಎಂದು ಎಣಿಸಿ ಎತ್ತಿದರು. ಮುಂದಿನವರು ಎದ್ದರು, ಹಿಂದಿನವರು ಏಳಲಿಲ್ಲ. ಇಳಿಸಿ ಮತ್ತೆ ಎತ್ತಿದರು. ಈ ಸಲ ಎದ್ದಿತು. ಜನ ಕೂಗು ಹಾಕಿ ಹೂ ಎರಚಿದರು. ಫೋಟೋಗ್ರಾಫರ್ ಗೋಪುರಗಳು ಬರುವಂತೆ ನೆಲಕ್ಕೆ ಮಲಗಿ ಚಿತ್ರ ತೆಗೆದ. ಎಲ್ಲ ಫೋನುಗಳೂ ಮೇಲೆದ್ದವು.

ಹೂವಿನ ಮಳೆಯ ನಡುವೆ ಸೌಮ್ಯಾ ನೋಡುತ್ತಿದ್ದದ್ದು ವೇಣುಗೋಪಾಲರ ಮುಖವನ್ನು. ಮೊದಲು ಅದರಲ್ಲಿ ಫೋಟೋದ ನಗು ಇತ್ತು. ಆಮೇಲೆ ನಗು ಹಾಗೆಯೇ ಉಳಿದು ಹಣೆ ಮಾತ್ರ ಸುಕ್ಕುಗಟ್ಟಿತು. ಆಮೇಲೆ ನಗುವೂ ಹೋಯಿತು. ಬಾಯಿ ತೆರೆದುಕೊಂಡಿತು. ಅವರು ಹೆಗಲು ಬದಲಿಸಲು ನೋಡಿದರು, ಆಗಲಿಲ್ಲ. ಹಿಂದಿನಿಂದ ತ್ಯಾಗರಾಜ ಸರ್, ಸರ್ ಎನ್ನುತ್ತಿದ್ದ. ಪಲ್ಲಕ್ಕಿ ಒಂದು ಕಡೆ ವಾಲಿತು. ಒಳಗಿದ್ದವನು ಇನ್ನೊಂದು ಕಂಬವನ್ನೂ ಹಿಡಿದುಕೊಂಡ.

"ಇಳಿಸ್ರಿ ಇಳಿಸ್ರಿ," ಎಂದರು ಕರಬಸಪ್ಪ, ಕಾಫಿ ಹಿಡಿದ ಕೈ ಮುಂದೆ ಚಾಚಿ. ಅವರ ದನಿಯಲ್ಲಿ ಗೆದ್ದ ಸುಳಿವಿರಲಿಲ್ಲ. ನಿಜವಾಗಿಯೂ ಗಾಬರಿಯಾಗಿದ್ದರು. "ಯಾರಿಗಾರ ಪೆಟ್ಟ ಆದೀತು."

ಪಲ್ಲಕ್ಕಿ ದೊಪ್ಪನೆ ನೆಲಕ್ಕೆ ಕೂತಿತು. ಡೊಳ್ಳಿನವರಿಗೆ ಗೊತ್ತಾಗದೆ ಇನ್ನಷ್ಟು ಹೊತ್ತು ಬಾರಿಸಿದರು. ರಾಜ ಇಳಿದು, ಬಂದ್‌ಗಲಾ ಕೊಡವಿಕೊಂಡು, ಉಳಿದ ದಾರಿಯನ್ನು ನಡೆದ. ಅದೇ ಕಾರ್ಯಕ್ರಮವೆಂದುಕೊಂಡ ಜನ ಚಪ್ಪಾಳೆ ತಟ್ಟಿದರು. ವೇಣುಗೋಪಾಲರು ಹೆಗಲು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತರು. ಯಾರೋ ನೀರು ಕೊಟ್ಟರು. ಅವರು ಕುಡಿದು, ತಲೆ ಎತ್ತಿ, ಸೌಮ್ಯಾಳನ್ನು ಕಂಡು ಮುಖ ತಿರುಗಿಸಿದರು. ಇನ್ನು ಮುಂದೆ ಅವರಿಂದ ಫೋನು ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬಳಗದಲ್ಲಿ ಇವರ ಬಗ್ಗೆ ಏನೇನು ಮಾತು ಹೊರಡುತ್ತದೆ ಎಂಬುದೂ ತಿಳಿಯಿತು. ಕಲ್ಮೇಶನಿಗೂ ಗೊತ್ತಿತ್ತು. ಅವನು ಮಾವನ ಲೋಟ ಖಾಲಿಯಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ.

"ಊಟಾ ಮಾಡೇ ಹೋಗೂಣು," ಎಂದರು ಕರಬಸಪ್ಪ. "ಮುಖಾ ಮುಚಗೊಂಡ ಹೋಗೂದ ಯಾಕ."

ಅವರು ಕಲ್ಮೇಶ, ನಿಧಿಯ ಜೊತೆ ಊಟದ ಸಾಲಿಗೆ ಹೋದರು. ಯಶವಂತ್ ಕೆಂಪು ಕಚ್ಚೆಯ ಮೇಲೆ ಜಾಕೆಟ್ ಹಾಕಿಕೊಂಡು ಬಿಸಿಬೇಳೆಭಾತ್ ಬಡಿಸುತ್ತಿದ್ದ.

ಸೌಮ್ಯಾ ಕಾರಿನವರೆಗೆ ಹೋಗಿ ಡಿಕ್ಕಿಯಲ್ಲಿದ್ದ ಕೆಲಸದ ಅಳತೆ ಟೇಪು ತಂದಳು. ಎಲ್ಲರೂ ವೇದಿಕೆಯ ಕಡೆ ತಿರುಗಿದ್ದರು. ನಾಡಗೀತೆ ಮೊದಲಾಗಿತ್ತು. ಅದು ಮುಗಿಯುವವರೆಗೆ ನೆಟ್ಟಗೆ ನಿಂತಿದ್ದು, ಆಮೇಲೆ ಟೇಪಿನ ತುದಿಯನ್ನು ಸುಣ್ಣದ ಗೆರೆಯ ಹುಲ್ಲಿಗೆ ಸಿಕ್ಕಿಸಿ, ಪಲ್ಲಕ್ಕಿಯ ಮುಂಗಾಲು ಹುಲ್ಲಿನಲ್ಲಿ ಊರಿದ್ದ ಜಾಗದವರೆಗೆ ಎಳೆದಳು. ಬಗ್ಗಿ ಓದಿದಳು. ಮೂವತ್ತೇಳು ಅಡಿ, ನಾಲ್ಕು ಇಂಚು.